ನಾವೇ ಕಟ್ಟಿ ನಾವೇ ಮುಚ್ಚಿದ ಸಂಕ

ಜನವರಿಯಲ್ಲಿ ನಾವು ಮೊದಲ ಸಲ ಹೋದಾಗ ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು, ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ದಾಟಿದೆವು. ಇಷ್ಟು ಸಣ್ಣ ಹಳ್ಳಕ್ಕೆ ತೂಗುಸಂಕ, ಅಂದರೆ ತೂಗುಸೇತುವೆ, ಯಾಕೆ ಎಂದು ನನಗೇ ಅನಿಸಿತು. ಆಚೆ ದಡದಲ್ಲಿ ನಮಗಾಗಿ ಕಾಯುತ್ತಿದ್ದ ಒಬ್ಬ ತಾಯಿ ನನ್ನ ಮುಖ ನೋಡಿ, ಕತ್ತೆತ್ತಿ ಒಂದು ಮರವನ್ನು ತೋರಿಸಿದರು. ನನ್ನ ತಲೆಗಿಂತ ಬಹಳ ಮೇಲೆ, ಕೊಂಬೆಯ ಸಂದಿಯಲ್ಲಿ ಒಣಗಿದ ಕಸಕಡ್ಡಿ, ಬಿದಿರಿನ ಚೂರು, ಯಾರದೋ ಹರಿದ ರೇನ್‌ಕೋಟಿನ ತುಂಡು ಸಿಕ್ಕಿಕೊಂಡಿದ್ದವು.

"ಮಳಿಗಾಲದಾಗ ನೀರು ಅಲ್ಲೀತನಕ ಬರ್ತೈತಿ ಬಾಯಿ," ಎಂದರು, ಆ ಕಡೆ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ.

ನಮ್ಮ ಎಲ್ಲ ಲೆಕ್ಕಗಳೂ ಆ ಕಸದಿಂದಲೇ ಶುರುವಾದವು.

ನಾವು ಎಂದರೆ ಇಬ್ಬರು. ನಾನು ದಾಂಡೇಲಿಯ ಗ್ಯಾರೇಜ್ ಮೇಸ್ತ್ರಿಯೊಬ್ಬರ ಮಗಳು, ಸಿವಿಲ್ ಡಿಪ್ಲೊಮಾ ಮುಗಿಸಿದವಳು. ನನ್ನ ಗೆಳತಿ ಮುಂಡಗೋಡ ತಾಲೂಕಿನವಳು, ಸಮಾಜಕಾರ್ಯ ಓದಿದವಳು, ಸಿದ್ದಿ ಸಮುದಾಯದವಳು. ಹಳಿಯಾಳದ ಒಂದು ಸಣ್ಣ ಸಂಸ್ಥೆ, ಕಾಡಂಚಿನ ಊರುಗಳ ಕೆಲಸವನ್ನು ಯುವ ಸ್ವಯಂಸೇವಕರ ಕೈಗೇ ಪೂರ್ತಿಯಾಗಿ ಒಪ್ಪಿಸಿ ನೋಡೋಣ ಎಂದು ನಿರ್ಧರಿಸಿತ್ತು. ಜೊಯಿಡಾ ತಾಲೂಕಿನ ಈ ಕಾಲುಸಂಕ ನಮ್ಮ ಪಾಲಿಗೆ ಬಂತು. ಮುಖ್ಯಸ್ಥೆ ಗೆಳತಿ. ಅಳತೆ, ಕಾಂಕ್ರೀಟು, ಕೇಬಲ್ಲು ನನ್ನದು. ನಕ್ಷೆಯನ್ನು ಧಾರವಾಡದ ನಿವೃತ್ತ ಇಂಜಿನಿಯರರೊಬ್ಬರು ತಿದ್ದಿ ಒಪ್ಪಿದ್ದರು. ಅರಣ್ಯ ಇಲಾಖೆಯ ಅನುಮತಿ ಸಿಗುವ ಹೊತ್ತಿಗೆ ಫೆಬ್ರವರಿ ಕಳೆಯುತ್ತ ಬಂದಿತ್ತು. ಎರಡು ಷರತ್ತು: ಒಂದೂ ಮರ ಕಡಿಯಬಾರದು, ಕಾಡಿನೊಳಗೆ ಜೆಸಿಬಿ ತರಬಾರದು.

ಹಳ್ಳದ ಆಚೆಗಿರುವ ಕೇರಿಯನ್ನು ಅಲ್ಲಿನವರು ವಾಡಾ ಎನ್ನುತ್ತಾರೆ. ಅಲ್ಲಿರುವವರೆಲ್ಲ ಸಿದ್ದಿಗಳೇ. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಈ ಕಡೆ ಬಂದವರ ಮಕ್ಕಳು ಮೊಮ್ಮಕ್ಕಳು. ಮನೆಯೊಳಗೆ ಕೊಂಕಣಿ, ಪೇಟೆಗೆ ಬಂದರೆ ಕನ್ನಡ. ಹೊರಗಿನವರು ಬಂದು ಅವರ ಕೂದಲನ್ನು ದಿಟ್ಟಿಸುವುದು, ಡೋಲು ಬಾರಿಸಿ ಕುಣಿಯಿರಿ ಎನ್ನುವುದು, ಫೋಟೋ ಹೊಡೆದುಕೊಂಡು ಹೋಗುವುದು ಅವರಿಗೆ ಸಾಕುಸಾಕಾಗಿತ್ತು. ಮೊದಲ ಸಭೆಯಲ್ಲಿ ಅದೇ ತಾಯಿ ಎದ್ದು ನಿಂತು ಕೇಳಿದರು:

"ನೀವೂ ಫೋಟೋ ತಗೊಂಡು ಹೋಗವರ ಏನ?"

ಗೆಳತಿ ತನ್ನ ಫೋನನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. "ಸಂಕ ಮುಗಿಯೂತನಕ ಒಂದೂ ಫೋಟೋ ಇಲ್ರಿ ಮಾವಶಿ. ತೆಗೆದ್ರ ನೀವ ಈ ಫೋನ್ ಹಳ್ಳಕ್ಕ ಒಗೀರಿ."

ಕೆಲವರು ನಕ್ಕರು. ಅವಳು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆದ ಆ ತಾಯಿ ನಗಲಿಲ್ಲ, ಆದರೆ ಕೂತರು. ಅವರ ಪಕ್ಕದಲ್ಲಿ ಮಗಳು ಕೂತಿದ್ದಳು. ಉದ್ದ ಕಾಲಿನ, ಕಡಿಮೆ ಮಾತಿನ ಹುಡುಗಿ. ದಿನಾ ಬೆಳಿಗ್ಗೆ ಹಳ್ಳ ದಾಟಿ ಕಾಡಿನ ಮಣ್ಣುರಸ್ತೆಯಲ್ಲಿ ಓಡುತ್ತಾಳೆಂದೂ, ಪೊಲೀಸ್ ಕಾನ್‌ಸ್ಟೇಬಲ್ ಕೆಲಸದ ಲಿಖಿತ ಪರೀಕ್ಷೆ ಪಾಸಾಗಿದ್ದಾಳೆಂದೂ ಆಮೇಲೆ ತಿಳಿಯಿತು. ಇನ್ನು ಓಟದ ಪರೀಕ್ಷೆಗೆ ಕಾರವಾರದಿಂದ ಕರೆ ಬರಬೇಕಿತ್ತು. ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ.

ಮಳೆಗಾಲದಲ್ಲಿ ಈ ಹಳ್ಳ ಏರಿದರೆ ವಾಡಾದಿಂದ ಹೊರಬರಲು ಇರುವುದು ಇನ್ನೊಂದೇ ದಾರಿ: ಹುಲಿ ಕಾಡಿನೊಳಗೆ ದಿನವಿಡೀ ನಡೆದು, ಎರಡು ಸಣ್ಣ ತೊರೆ ಹಾದು, ಮೇಲಿನ ಸಿಮೆಂಟಿನ ಸೇತುವೆಗೆ ಸೇರುವುದು. ಅದಕ್ಕೇ ಪ್ರತಿ ವರ್ಷ ಮೇ ತಿಂಗಳಲ್ಲಿ ಗಂಡಸರು ಬಿದ್ದ ಮರಗಳ ದಿಮ್ಮಿ ಎಳೆದು ತಂದು ಹಳ್ಳಕ್ಕೆ ಅಡ್ಡ ಹಾಕಿ ಬೆತ್ತದಿಂದ ಕಟ್ಟುತ್ತಿದ್ದರು. ದೊಡ್ಡ ನೀರು ಬಂದ ದಿನ ಅದು ಕೊಚ್ಚಿಹೋಗುತ್ತಿತ್ತು. ಕೆಲವು ವರ್ಷ ಜುಲೈವರೆಗೆ ನಿಲ್ಲುತ್ತಿತ್ತು, ಕೆಲವು ವರ್ಷ ಜೂನಿನಲ್ಲೇ ಹೋಗುತ್ತಿತ್ತು.

ನಮ್ಮ ಸಂಕದ ವಿನ್ಯಾಸ ಸರಳ. ಎತ್ತರದ ಕಂಬಗಳಿಲ್ಲ; ಪ್ರವಾಹದ ಮಟ್ಟಕ್ಕಿಂತ ಮೇಲಿರುವ ಎರಡು ದಿಣ್ಣೆಗಳ ಮೇಲೆ ಒಂದೊಂದು ಕಲ್ಲುಕಟ್ಟೆ, ಅದರ ಮೇಲಿಂದ ಕೇಬಲ್ಲು ಹಾಯುವುದು. ಒಂದು ದಡದಿಂದ ಇನ್ನೊಂದಕ್ಕೆ ಸುಮಾರು ನೂರು ಅಡಿ. ಅಷ್ಟು ಉದ್ದಕ್ಕೆ ದಪ್ಪ ಉಕ್ಕಿನ ಕೇಬಲ್ಲುಗಳನ್ನು ಎಳೆದು, ಕೆಳಗಿನವುಗಳ ಮೇಲೆ ಹಲಗೆ ಹಾಸುವುದು, ಮೇಲಿನ ಎರಡನ್ನು ಕೈಹಿಡಿಗೆ ಬಿಡುವುದು. ಕೇಬಲ್ಲಿನ ತುದಿಯನ್ನು ಹಿಡಿದಿಡಲು ಎರಡೂ ಕಡೆ ನೆಲದೊಳಗೆ ಆಳದ ಗುಂಡಿಯಲ್ಲಿ ದೊಡ್ಡ ಕಾಂಕ್ರೀಟು ದಿಮ್ಮಿ. ಅದಕ್ಕೆ ನಾವು ಲಂಗರು ಎನ್ನುತ್ತಿದ್ದೆವು. ಸಂಕದ ಜೀವವೆಲ್ಲ ಆ ಎರಡು ಲಂಗರುಗಳಲ್ಲಿ.

ಯಂತ್ರವಿಲ್ಲದೆ ಗುಂಡಿ ತೋಡಿದ್ದು ವಾಡಾದವರು. ಬೇಸಿಗೆಯ ಕೆಂಪು ಮಣ್ಣು ಕಲ್ಲಿನಂತೆ ಗಟ್ಟಿಯಾಗಿತ್ತು. ಗುದ್ದಲಿ ಹೊಡೆದರೆ ಕಿಡಿ ಹಾರುತ್ತಿತ್ತು. ಇಷ್ಟು ಗಟ್ಟಿ ನೆಲ ಸಿಕ್ಕಿದ್ದು ನಮ್ಮ ಪುಣ್ಯ ಎಂದು ನಾನು ಇಂಜಿನಿಯರರಿಗೆ ಫೋನಿನಲ್ಲಿ ಹೇಳಿದ್ದೆ.

ಕೇಬಲ್ ತಂದ ದಿನವನ್ನು ಮರೆಯಲಾರೆ. ಲಾರಿ ಮಣ್ಣುರಸ್ತೆಯ ಕೊನೆಗೆ ನಿಂತಿತು. ಅಲ್ಲಿಂದ ಹಳ್ಳದವರೆಗೆ ಕಾಲುದಾರಿ. ಸುರುಳಿಯನ್ನು ಹಾಗೇ ಎತ್ತುವಂತಿರಲಿಲ್ಲ, ಉರುಳಿಸಿದರೆ ಎಳೆಗಳು ಕೆಡುತ್ತವೆ. ಕೊನೆಗೆ ಸುರುಳಿ ಬಿಚ್ಚಿ ಕೇಬಲ್ಲನ್ನು ದಾರಿಯುದ್ದಕ್ಕೂ ಚಾಚಿದೆವು. ವಾಡಾದ ಗಂಡಸರು, ಹೆಂಗಸರು ಸಾಲಾಗಿ ನಿಂತು ಹೆಗಲಿಗೆ ಏರಿಸಿದರು. ಒಬ್ಬರು ಬೇಗ ನಡೆದರೆ ಹಿಂದಿನವರ ಹೆಗಲು ಕಿತ್ತು ಬರುತ್ತದೆ, ಒಬ್ಬರು ನಿಂತರೆ ಮುಂದಿನವರು ಹಿಂದಕ್ಕೆ ಬೀಳುತ್ತಾರೆ. ಸಾಲಿನ ಮುಂದೆ ಆ ತಾಯಿ. "ಹಗೂರ, ಹಗೂರ! ಮದುವಿ ಊಟಕ್ಕ ಓಡಾಕತ್ತೀರೇನು?" ಎಂದು ಬೈಯುತ್ತ, ಎಲ್ಲರ ಹೆಜ್ಜೆಯನ್ನು ತಮ್ಮ ಹೆಜ್ಜೆಗೆ ತಂದರು. ಉದ್ದನೆಯ ಉಕ್ಕಿನ ಹಾವೊಂದು ಕಾಡಿನೊಳಗೆ ನಡೆದುಹೋದಂತೆ ಕಾಣುತ್ತಿತ್ತು. ಫೋಟೋ ತೆಗೆಯಬೇಕೆಂದು ಕೈ ಜೇಬಿಗೆ ಹೋಗಿದ್ದು ನಿಜ. ಗೆಳತಿ ನನ್ನ ಕಡೆ ನೋಡಿದಳು. ಕೈ ಹೊರಗೆ ತೆಗೆದೆ.

ಕೇಬಲ್ ಎಷ್ಟು ಜೋತಾಡಬೇಕೆಂಬುದೇ ಈ ಕೆಲಸದ ಮುಖ್ಯ ಭಾಗ. ಹೆಚ್ಚು ಬಿಗಿದರೆ ಲಂಗರಿನ ಮೇಲೆ ಎಳೆತ ಹೆಚ್ಚು, ಸಡಿಲ ಬಿಟ್ಟರೆ ಪ್ರವಾಹದ ನೀರಿಗೆ ತಾಗುತ್ತದೆ. ಗಾರೆ ಕೆಲಸದ ಗೌಂಡಿಗಳು ಬಳಸುವ ಲೆವೆಲ್ ಪೈಪಿಗೆ ನೀರು ತುಂಬಿ ಎರಡೂ ದಡದ ಕಲ್ಲುಕಟ್ಟೆಯ ಮೇಲೆ ಒಂದೇ ಮಟ್ಟಕ್ಕೆ ಕೆಂಪು ಗೆರೆ ಎಳೆದೆವು. ಈ ಕಡೆಯ ಗೆರೆಗೆ ಕಣ್ಣಿಟ್ಟು ಆಚೆಯ ಗೆರೆಯನ್ನು ನೋಡಿದರೆ, ನಡುವೆ ಕೇಬಲ್ಲಿನ ಅತಿ ತಗ್ಗಿನ ಜಾಗ ಆ ದೃಷ್ಟಿಗೆ ಸರಿಯಾಗಿ ತಾಗಬೇಕು. ಚೈನ್ ಪುಲ್ಲಿಯಲ್ಲಿ ಎಳೆಯುವುದು, ನೋಡುವುದು, ಸ್ವಲ್ಪ ಬಿಡುವುದು, ಮತ್ತೆ ನೋಡುವುದು. ದಾಂಡೇಲಿಯಿಂದ ತಂದ ಮತ್ತಿ ಮರದ ಹಲಗೆ ಹಾಸಿ ಮುಗಿಸಿದ ಮೇಲೆ ತೂಕಕ್ಕೆ ಸಂಕ ಎಷ್ಟು ಇಳಿಯಬೇಕಿತ್ತೋ ಅಷ್ಟೇ ಇಳಿಯಿತು. ಆ ಮಟ್ಟಕ್ಕೆ ಇನ್ನೊಂದು ಗೆರೆ ಎಳೆದೆ, ಬಿಳಿ ಬಣ್ಣದಲ್ಲಿ.

ಮೇ ತಿಂಗಳ ಕೊನೆಗೆ ಸಂಕ ಸಿದ್ಧವಾಯಿತು. ತೆಂಗಿನಕಾಯಿ ಒಡೆದರು, ಮಾವಿನೆಲೆ ಕಟ್ಟಿದರು, ಮಕ್ಕಳು ಅತ್ತಿಂದಿತ್ತ ಓಡಿ ಓಡಿ ಸುಸ್ತಾದರು. ಆ ವರ್ಷ ಗಂಡಸರು ದಿಮ್ಮಿ ಎಳೆಯಲು ಹೋಗಲಿಲ್ಲ. ಯಾಕೆ ಹೋಗಬೇಕು? ನಮ್ಮ ಸಂಕ ಇತ್ತಲ್ಲ.

ಆಮೇಲೆ ಅಡ್ಡಮಳೆ ಶುರುವಾಯಿತು. ಮುಂಗಾರಿಗೆ ಮೊದಲು ಸಂಜೆಹೊತ್ತು ಗುಡುಗಿನೊಂದಿಗೆ ಬರುವ ಮಳೆ. ಎರಡು ಮೂರು ಸಲ ಚೆನ್ನಾಗಿ ಹೊಡೆದ ಮೇಲೆ ಒಂದು ಬೆಳಿಗ್ಗೆ, ಅಭ್ಯಾಸಬಲದಿಂದ, ಬಿಳಿ ಗೆರೆಗೆ ಕಣ್ಣಿಟ್ಟು ನೋಡಿದೆ. ಸಂಕದ ನಡು ಗೆರೆಗಿಂತ ಕೆಳಗಿತ್ತು. ನಾಲ್ಕು ಬೆರಳಿನಷ್ಟು.

ಹೊಸ ಕೇಬಲ್ ಮೊದಮೊದಲು ಸ್ವಲ್ಪ ಹಿಗ್ಗುತ್ತದೆ. ಅದೇ ಇರಬೇಕು ಎಂದು ಮನಸ್ಸಿಗೆ ಹೇಳಿಕೊಂಡೆ. ಆದರೂ ಒಂದೊಂದೇ ನೋಡುತ್ತ ಬಂದೆ. ಕೇಬಲ್ಲಿನ ತುದಿ ಹಿಡಿದಿರುವ ಕ್ಲ್ಯಾಂಪುಗಳ ಪಕ್ಕ ನಾನು ಹಚ್ಚಿದ್ದ ಬಣ್ಣದ ಗುರುತು ಕದಲಿರಲಿಲ್ಲ, ಅಂದರೆ ಕೇಬಲ್ ಜಾರಿಲ್ಲ. ರಸ್ತೆ ಕಡೆಯ ಲಂಗರು ಇದ್ದಲ್ಲೇ ಇತ್ತು. ವಾಡಾದ ಕಡೆಯ ಲಂಗರಿನ ಹಿಂದೆ ಹೋಗಿ ಮಣ್ಣು ಕೆದರಿದೆ. ಕಾಂಕ್ರೀಟಿಗೂ ಮಣ್ಣಿಗೂ ನಡುವೆ ಸೀಳು. ನನ್ನ ತೋರುಬೆರಳು ಸಲೀಸಾಗಿ ಒಳಗೆ ಹೋಯಿತು.

ಲಂಗರು ಒಂದು ಬೆರಳು ಮುಂದೆ ಸರಿದರೆ ಸಂಕದ ಹೊಟ್ಟೆ ನಾಲ್ಕು ಬೆರಳು ಇಳಿಯುತ್ತದೆ. ಲೆಕ್ಕ ಸರಿಯಾಗಿ ಕೂತಿತು. ಗುಡ್ಡದ ಇಳಿಜಾರಿನ ನೀರು ಗುಂಡಿಗೆ ಇಳಿದು, ನಾವು ತೋಡಿ ಮತ್ತೆ ತುಂಬಿದ್ದ ಮಣ್ಣನ್ನು ಅಂಬಲಿ ಮಾಡಿತ್ತು. ಬೇಸಿಗೆಯಲ್ಲಿ ಕಿಡಿ ಹಾರಿಸಿದ ನೆಲವೇ ಇದು ಎಂದರೆ ನಂಬುವಂತಿರಲಿಲ್ಲ. ಅದೇ ಹೊತ್ತಿಗೆ ಮೂವರು ಹೆಂಗಸರು ಸೌದೆ ಹೊರೆ ಹೊತ್ತು, ಮಾತಾಡುತ್ತ ಸಂಕ ದಾಟುತ್ತಿದ್ದರು. ಅವರು ದಾಟಿ ಮುಗಿಸುವವರೆಗೆ ಅವರ ಹೆಜ್ಜೆಗಳನ್ನೇ ಎಣಿಸಿದೆ.

ಫೋನಿಗೆ ಸಿಗ್ನಲ್ ಸಿಗುವುದು ಹಳ್ಳದ ಈಚೆಗೆ, ರಸ್ತೆ ಕಡೆಯ ಒಂದು ದಿಬ್ಬದ ಮೇಲೆ ಮಾತ್ರ. ಗೆಳತಿ, ನಾನು ಇಬ್ಬರೂ ಹತ್ತಿದೆವು. ಇಂಜಿನಿಯರರು ಎಲ್ಲವನ್ನೂ ಕೇಳಿಸಿಕೊಂಡರು.

"ಈಗೇನೋ ಹಿಡಿದೈತಿ ತಂಗಿ," ಎಂದರು. "ಮಣ್ಣು ಪೂರಾ ನೆನೆದ ಮ್ಯಾಲೂ ಹಿಡೀತೈತಿ ಅಂತ ನಾ ಇಲ್ಲಿ ಕುಂತು ಹೆಂಗ ಹೇಳ್ಲಿ? ಹಿಂದ ಬಂಡಿ ಏನರ ಐತೇನು?"

ಇತ್ತು. ಲಂಗರಿನ ಹಿಂದೆ ಗುಡ್ಡದ ಬುಡದಲ್ಲಿ ಹಾಸುಬಂಡೆ ಇತ್ತು. ಬಂಡೆಗೆ ತೂತು ಕೊರೆದು, ಕಬ್ಬಿಣದ ಸರಳು ಕೂರಿಸಿ, ಸಿಮೆಂಟು ಹಾಕಿ, ಅಲ್ಲಿಂದ ಕೇಬಲ್ ತಂದು ಲಂಗರನ್ನು ಹಿಂದಕ್ಕೆ ಎಳೆದು ಕಟ್ಟಬಹುದು. ಆದರೆ ಅದಕ್ಕೆ ಕೆಲಸವೂ ಬೇಕು, ಸಿಮೆಂಟು ಗಟ್ಟಿಯಾಗಲು ಸಮಯವೂ ಬೇಕು. ಮುಂಗಾರು ಇನ್ನೇನು ಬಂತು ಎನ್ನುವ ಹಾಗಿತ್ತು.

ದಿಬ್ಬದ ಮೇಲೆ ಕೂತು ಗೆಳತಿ ಕೇಳಿದಳು: "ಒಬ್ಬೊಬ್ಬರ ದಾಟ್ರಿ ಅಂತ ಹೇಳಿದ್ರ?"

"ಮಕ್ಕಳು ಕೇಳ್ತಾವೇನು?"

"ಕೇಳೂದಿಲ್ಲ," ಎಂದಳು. ಎದ್ದು ನಿಂತು, "ಹಂಗಾರ ಮುಚ್ಚೂಣು. ನಾ ಹೇಳ್ತೇನಿ ಅವರಿಗೆ," ಎಂದಳು.

ನಿರ್ಧಾರ ಅಷ್ಟರಲ್ಲೇ ಆಗಿಹೋಯಿತು. ಅದೇ ಮಧ್ಯಾಹ್ನ ಸಂಕದ ಎರಡೂ ತುದಿಯ ಹಲಗೆಗಳನ್ನು ಬಿಚ್ಚಿದೆವು. ಬರೀ ಅಡ್ಡ ಹಗ್ಗ ಕಟ್ಟಿದರೆ ಯಾರೂ ನಿಲ್ಲುವುದಿಲ್ಲವೆಂದು ಗೊತ್ತಿತ್ತು. ನಾನು ಸ್ಪ್ಯಾನರು ಹಿಡಿದು ಬೋಲ್ಟು ಬಿಚ್ಚುವಾಗ ಜನ ಸೇರಿದರು. ಮಾವಿನೆಲೆ ಇನ್ನೂ ಕಂಬಿಯಲ್ಲಿ ನೇತಾಡುತ್ತಿತ್ತು.

ಗೆಳತಿ ಕೊಂಕಣಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಸೀಳಿಗೆ ಬೆರಳು ಹಾಕಿ ನೋಡಲು ಕರೆದಳು. ಕೆಲವರು ನೋಡಿದರು. ಆದರೆ ಸಿಟ್ಟು ಕಡಿಮೆಯಾಗಲಿಲ್ಲ, ಆಗಬೇಕೂ ಇರಲಿಲ್ಲ.

"ನಿಮ್ಮ ಮಾತು ಕೇಳಿ ಈ ಸಲ ದಿಮ್ಮಿ ಹಾಕಲಿಲ್ಲ," ಎಂದರು ಆ ತಾಯಿ, ನನಗೂ ತಿಳಿಯಲಿ ಎಂದು ಕನ್ನಡದಲ್ಲಿ. "ಈಗ ಇದೂ ಇಲ್ಲ, ಅದೂ ಇಲ್ಲ. ನಾಳಿ ಮಳಿ ಹತ್ತಿದ್ರ ನಾವು ಹಾರಿ ಹೋಗೂದೇನು? ಒಬ್ಬೊಬ್ಬರ ದಾಟ್ತೇವಿ, ಹಲಗಿ ಹಾಕ್ರಿ."

ಗೆಳತಿ ತಲೆ ತಗ್ಗಿಸಲಿಲ್ಲ. "ಮಾವಶಿ, ನಾ ಇದರ ಮ್ಯಾಲ ಕಾಲಿಡೂದಿಲ್ಲ. ನಾ ದಾಟಲಾರದ್ದನ್ನ ನಿಮಗ ದಾಟ್ರಿ ಅಂತ ಹೆಂಗ ಹೇಳ್ಲಿ? ಬೈಯ್ರಿ. ಆದ್ರ ನಾಳಿಂದ ನಮ್ಮ ಕೂಡ ಕೆಲಸಕ್ಕ ಬರ್ರಿ."

ಎಲ್ಲರೂ ಬೆನ್ನು ತಿರುಗಿಸಿದರು. ಮನೆಗಳಿಗೆ ಹೊರಟುಹೋದರು. ಮರುದಿನ ಬೆಳಿಗ್ಗೆ ಬಂದವರಲ್ಲಿ ಮೊದಲಿಗಳು ಓಡುವ ಹುಡುಗಿ. ಹಿಂದೆಯೇ ತಾಯಿ, ಹೆಗಲ ಮೇಲೆ ಗುದ್ದಲಿ, ಮುಖ ಇನ್ನೂ ಗಂಟು. ಬಂದರಲ್ಲ ಎಂದು ನನಗೆ ಅಳು ಬಂದಂತಾಯಿತು.

ಕೆಲಸವನ್ನು ಮೂರು ಪಾಲು ಮಾಡಿದೆವು. ಗಂಡಸರು ಅವಸರದಲ್ಲಿ ದಿಮ್ಮಿ ಹುಡುಕಿ ತಂದು ಹಳೆಯ ರೀತಿಯ ಸಂಕ ಕಟ್ಟಿದರು. ಅದು ಬಹಳ ದಿನ ಬಾಳುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಹೆಂಗಸರು ಲಂಗರಿನ ಮೇಲ್ಗಡೆ ಇಳಿಜಾರಿಗೆ ಅಡ್ಡವಾಗಿ ಕಾಲುವೆ ತೋಡಿ ಗುಡ್ಡದ ನೀರನ್ನು ಬೇರೆ ಕಡೆ ತಿರುಗಿಸಿದರು. ಬಂಡೆ ಕೊರೆಯಲು ಹಳಿಯಾಳದಿಂದ ಕಲ್ಲು ಕೆಲಸದವರಿಬ್ಬರು ಬಂದರು. ಉಳಿ ತಿರುಗಿಸುತ್ತ, ಸುತ್ತಿಗೆ ಹೊಡೆಯುತ್ತ, ತೂತಿನ ಪುಡಿಯನ್ನು ನೀರು ಹಾಕಿ ತೊಳೆಯುತ್ತ ಕೈಯಲ್ಲೇ ಕೊರೆದರು.

ಬಂಡೆ ಸಂಕದ ನೇರಕ್ಕೆ ಇರಲಿಲ್ಲ, ಒಂದು ಪಕ್ಕಕ್ಕಿತ್ತು. ಅಲ್ಲಿಂದ ಒಂದೇ ಕೇಬಲ್ ಎಳೆದರೆ ಲಂಗರು ಓರೆಯಾಗಿ ತಿರುಗುತ್ತದೆ. ಅದಕ್ಕೇ ಇನ್ನೊಂದು ಪಕ್ಕದಲ್ಲಿ ಮಣ್ಣು ಸರಿಸಿ ಹುಡುಕಿದೆವು. ಮೊಣಕಾಲಷ್ಟು ಆಳದಲ್ಲಿ ಅದೇ ಬಂಡೆಯ ಬೆನ್ನು ಸಿಕ್ಕಿತು. ಎರಡು ಕಡೆ ಸರಳು ಕೂರಿಸಿ, ಎರಡು ಕೇಬಲ್ಲುಗಳನ್ನು ಕವೆಯ ಆಕಾರದಲ್ಲಿ ತಂದರೆ ಒಟ್ಟು ಎಳೆತ ನೇರ ಹಿಂದಕ್ಕೆ ಬೀಳುತ್ತದೆ. ಸರಳು ಕೂರಿಸಿ ಸಿಮೆಂಟು ತುಂಬಿದ ದಿನ ಮೇಲೆ ತಾಡಪತ್ರಿ ಕಟ್ಟಿ, ಅದರ ಕೆಳಗೆ ಸರದಿಯಂತೆ ಕಾವಲು ಕೂತೆವು. ಒಂದು ಹನಿಯೂ ಒಳಗೆ ಬೀಳಬಾರದು.

ಕೇಬಲ್ ಬಿಗಿಯಲು ಬೇಕಾದ ತಿರುಪಿನ ಕೊಂಡಿಗಳು ಕಡಿಮೆ ಬಿದ್ದವು. ಗೆಳತಿ ದಾಂಡೇಲಿಗೆ ಹೋದಳು. ಮರಳಿ ಬಂದು ದಿಮ್ಮಿಯ ಸಂಕದ ಮೇಲಿಂದಲೇ ದಾಟಿ ಚೀಲವನ್ನು ನನ್ನ ಕೈಗೆ ಕೊಟ್ಟಳು. ನನ್ನಮ್ಮ ಕಳಿಸಿದ ಬಿರಿಯಾನಿಯ ಡಬ್ಬಿಯೂ ಅದರಲ್ಲಿತ್ತು. ಮಾರನೆಯ ದಿನ ಜೊಯಿಡಾದಲ್ಲಿ ಸಂಸ್ಥೆಯವರ ಜೊತೆ ಮಾತಾಡುವುದಿತ್ತೆಂದು ಮತ್ತೆ ರಸ್ತೆ ಕಡೆಗೆ ದಾಟಿ ಹೋದಳು. ಮುಂಗಾರು ಇಳಿದದ್ದು ಅಂದೇ ರಾತ್ರಿ. ಹಳ್ಳ ಕೆಂಪಾಗಿ, ದಪ್ಪಗಾಗಿ, ಮರುದಿನ ಮಧ್ಯಾಹ್ನದ ಹೊತ್ತಿಗೆ ದಿಮ್ಮಿಗಳನ್ನು ಬೆಂಕಿಕಡ್ಡಿಯಂತೆ ಎತ್ತಿಕೊಂಡು ಹೋಯಿತು. ನಾನು ವಾಡಾದ ಕಡೆ ಉಳಿದೆ, ಗೆಳತಿ ರಸ್ತೆಯ ಕಡೆ. ಫೋನಿಲ್ಲ. ನಡುವೆ ಹಲಗೆ ಕಿತ್ತ ನಮ್ಮ ಸಂಕ ನೀರಿನ ಮೇಲೆ ಸುಮ್ಮನೆ ತೂಗುತ್ತಿತ್ತು.

ನಾನು ಆ ತಾಯಿಯ ಮನೆಯಲ್ಲೇ ಇದ್ದೆ. ಸಿಮೆಂಟು ಗಟ್ಟಿಯಾಗುತ್ತಿದ್ದ ಆ ದಿನಗಳಲ್ಲಿ ಅವರು ನನಗೆ ಗಂಜಿ ಬಡಿಸುತ್ತ ಒಂದು ಮಾತನ್ನೂ ಚುಚ್ಚಿ ಆಡಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಒಂದು ಬೆಳಿಗ್ಗೆ ಗೆಳತಿ ಆಚೆ ದಡದಿಂದ ಕೂಗಿದಳು. ನೀರಿನ ಸದ್ದಿಗೆ ಏನೂ ಕೇಳಲಿಲ್ಲ. ಅವಳು ಓಡುವ ಹಾಗೆ ನಿಂತಲ್ಲೇ ಕೈಕಾಲು ಆಡಿಸಿದಳು, ಆಮೇಲೆ ಎರಡು ಬೆರಳು ಎತ್ತಿದಳು. ಹುಡುಗಿಗೆ ತಕ್ಷಣ ಅರ್ಥವಾಯಿತು.

"ಕಾರವಾರದ ಕರೆ," ಎಂದಳು. "ನಾಡಿದ್ದು ಇರಬೇಕು."

ನಾಡಿದ್ದು ಬೆಳಿಗ್ಗೆ ಕಾರವಾರದಲ್ಲಿ ಓಡಬೇಕೆಂದರೆ ನಾಳೆಯೇ ಹಳ್ಳ ದಾಟಿರಬೇಕು. ಹುಡುಗಿ ನನ್ನನ್ನು ಏನೂ ಕೇಳಲಿಲ್ಲ. "ನಾ ಸುತ್ತು ಹಾಕಿ ಹೋಗ್ತೇನಿ ಅಕ್ಕಾ. ಈಗ ಹೊಂಟ್ರ ಆಗ್ತೈತಿ," ಎಂದಳು.

"ನಡುವ ಎರಡು ತೊರಿ ತುಂಬಿರ್ತಾವ," ಎಂದರು ತಾಯಿ. "ದಾಟಿದಿ ಅಂತ ಇಟ್ಕೋ. ಅಷ್ಟು ನಡೆದ ಮ್ಯಾಲ ಓಡಾಕ ಕಾಲು ಎಲ್ಲಿ ಉಳಿತಾವ?" ಆಮೇಲೆ ನನ್ನ ಕಡೆ ತಿರುಗಿದರು. "ಬಾಯಿ, ನೀವ ಹೇಳ್ರಿ. ಈಗ ಅದು ಹಿಡೀತೈತೋ ಇಲ್ಲೋ?"

ಸಿಮೆಂಟು ಕೂತು ಕೆಲವು ದಿನವಾಗಿತ್ತು, ಆದರೆ ಪೂರ್ತಿ ಬಲ ಬಂದಿರಲಿಲ್ಲ. ಇಂಜಿನಿಯರರು ಹೇಳಿದ್ದ ಅವಧಿ ಮುಗಿದಿರಲಿಲ್ಲ. ಒಂದು ಜೀವ ಉಳಿಸುವ ಪ್ರಶ್ನೆಯಾಗಿದ್ದರೆ ಅಪಾಯವನ್ನು ಹೇಗೋ ಒಪ್ಪಿಕೊಳ್ಳಬಹುದು. ಇದು ಒಂದು ನೌಕರಿಯ ಪ್ರಶ್ನೆ. ನೌಕರಿ ಹೋದರೆ ಮತ್ತೆ ಬಂದೀತು, ಹುಡುಗಿ ಹೋದರೆ? ಹಾಗೆಂದು ಆ ಮನೆಯಲ್ಲಿ ಕೂತು ಬಾಯಿಬಿಟ್ಟು ಹೇಳುವುದು ಸುಲಭವಿರಲಿಲ್ಲ. ವರ್ಷಗಟ್ಟಲೆ ಕಾಡಿನ ರಸ್ತೆಯಲ್ಲಿ ಓಡಿದ್ದು ಅವಳು.

"ಗೊತ್ತಿಲ್ಲ ಮಾವಶಿ," ಎಂದೆ. "ತೂಕ ಹಾಕಿ ನೋಡೂಣು. ಲಂಗರು ಒಂದು ಕೂದಲೆಳೆ ಕದಲಿದ್ರೂ ನಾ ಬಿಡೂದಿಲ್ಲ. ಆಮೇಲೆ ನೀವು ಏನರ ಅನ್ರಿ."

"ಹೂಂ," ಎಂದರು. ಅಷ್ಟೇ.

ಬಂಡೆಯ ಕೇಬಲ್ಲುಗಳನ್ನು ತಿರುಪಿನ ಕೊಂಡಿಯಿಂದ ಬಿಗಿದೆವು. ಲಂಗರಿನ ಹಿಂದೆ ಕಲ್ಲೊಂದನ್ನು ನೆಟ್ಟು, ಸುಣ್ಣ ಕಲಸಿ ಎರಡಕ್ಕೂ ಸೇರಿಸಿ ತೆಳುವಾದ ಪಟ್ಟಿ ಬಳಿದೆ. ಸುಣ್ಣಕ್ಕೆ ಬಳುಕುವುದು ಗೊತ್ತಿಲ್ಲ. ಲಂಗರು ಸ್ವಲ್ಪ ಸರಿದರೂ ಬಿರುಕು ಬಿಡುತ್ತದೆ. ಬಂಡೆಯ ಸರಳುಗಳ ಬುಡಕ್ಕೂ ಹಾಗೇ ಬಳಿದೆ. ಪಟ್ಟಿಗಳ ಮೇಲೆ ತಾಡಪತ್ರಿ ಕಟ್ಟಿ ರಾತ್ರಿಯಿಡೀ ಒಣಗಲು ಬಿಟ್ಟೆವು. ಬೆಳಿಗ್ಗೆ ಮಳೆ ಸ್ವಲ್ಪ ಹಿಡಿದಿತ್ತು. ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿಯನ್ನು ಮರಕ್ಕೆ ಕಟ್ಟಿ, ಈ ಕಡೆಯ ಹಲಗೆಗಳನ್ನು ಮತ್ತೆ ಜೋಡಿಸಿದೆ. ನಾನು ಏನು ಮಾಡುತ್ತಿದ್ದೇನೆಂದು ನೋಡಿದ ಗೆಳತಿ ಆ ಕಡೆ ಅದನ್ನೇ ಮಾಡಿದಳು.

ಖಾಲಿ ಗೊಬ್ಬರದ ಚೀಲಗಳಿಗೆ ಕಲ್ಲುಮಣ್ಣು ತುಂಬಿದೆವು. ಅಗಲದ ಹಲಗೆಯೊಂದರ ಮೇಲೆ ಎರಡೆರಡು ಚೀಲ ಇಟ್ಟು, ಕೇಬಲ್ ಎಳೆಯುವಾಗ ದಡದಿಂದ ದಡಕ್ಕೆ ಹಾಯಿಸಿ ಹಾಗೇ ಬಿಟ್ಟಿದ್ದ ಹಗ್ಗ ಕಟ್ಟಿದೆವು. ಆಚೆಯಿಂದ ಗೆಳತಿ ಮತ್ತು ರಸ್ತೆ ಕಡೆಯ ಊರಿನ ನಾಲ್ಕಾರು ಜನ ಎಳೆದರು, ಈಚೆಯಿಂದ ವಾಡಾದವರು ಸಡಿಲ ಬಿಟ್ಟರು. ಚೀಲಗಳು ಜಾರುತ್ತ ನಡುವಿಗೆ ಹೋಗಿ ಉರುಳಿ ಕೂತವು. ಮೊದಲು ಒಬ್ಬರ ತೂಕ, ಆಮೇಲೆ ಇಬ್ಬರದು. ಪ್ರತಿ ಸಲ ಸಂಕ ಕಿರ್ ಎಂದು ಇಳಿಯುತ್ತಿತ್ತು. ನಾನು ಲಂಗರಿನ ಪಕ್ಕ ಮೊಣಕಾಲೂರಿ ಸುಣ್ಣದ ಪಟ್ಟಿಯನ್ನೇ ನೋಡುತ್ತಿದ್ದೆ. ಏಳೆಂಟು ಜನರ ಭಾರ ಬಿದ್ದಾಗ "ಸಾಕು" ಎಂದು ಕೈ ಎತ್ತಿದೆ.

ಆಮೇಲೆ ಕಾಯುವುದು. ಅದೇ ಕಷ್ಟದ ಕೆಲಸ. ಮಳೆ ಮತ್ತೆ ಜೋರಾಗಿ ಬಂತು. ಬರಲಿ, ಮಣ್ಣು ನೆನೆದಾಗಲೇ ತಿಳಿಯಬೇಕಾದದ್ದು. ತಾಯಿ ಬಂದು ನನ್ನ ತಲೆಯ ಮೇಲೆ ಕಂಬಳಿಕೊಪ್ಪೆ ಹಾಕಿದರು. ಹುಡುಗಿ ಮನೆಯ ಜಗುಲಿಯಲ್ಲಿ ಕಾಲು ಚಾಚಿ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದಳು, ನಾಳೆ ಓಡುವುದು ಖಚಿತ ಎನ್ನುವ ಹಾಗೆ. ಮಧ್ಯಾಹ್ನ ದಾಟಿತು. ಬಿಳಿ ಗೆರೆಯಲ್ಲಿ ಕಣ್ಣಿಟ್ಟು ನೋಡಿದೆ. ಚೀಲಗಳ ಭಾರಕ್ಕೆ ಇಳಿದ ಸಂಕ ಆಮೇಲೆ ಇನ್ನಷ್ಟು ಇಳಿದಿರಲಿಲ್ಲ. ಸುಣ್ಣದ ಪಟ್ಟಿಗಳ ಮೇಲೆ ಉಗುರಾಡಿಸಿದೆ. ಒಂದೂ ಗೆರೆ ಇಲ್ಲ.

ಎದ್ದು ಗೆಳತಿಗೆ ಕೈ ಬೀಸಿದೆ.

ಪ್ರತಿ ಚೀಲದ ಬಾಯಿಗೆ ಕಟ್ಟಿದ್ದ ಹುರಿಯನ್ನು ಎಳೆಸಿ ಚೀಲಗಳನ್ನು ತೆಗೆಸಿದೆ. ಹಗ್ಗ ಕಟ್ಟಿಕೊಂಡು ಮೊದಲು ನಾನು ದಾಟಿದೆ. ಕಾಲ ಕೆಳಗೆ ಕೆಂಪು ನೀರು, ಬೇರುಸಮೇತ ಬಂದ ಒಂದು ಮರ ಸಂಕದ ಅಡಿಯಿಂದ ನುಸುಳಿ ಹೋಯಿತು. ಆಚೆ ದಡದಲ್ಲಿ ಗೆಳತಿ ನನ್ನ ಎರಡೂ ಕೈ ಹಿಡಿದು, "ಹೋಗು, ಪಟ್ಟಿ ನೋಡು," ಎಂದಳಷ್ಟೇ. ಮರಳಿ ಬಂದು ನೋಡಿದೆ. ಇದ್ದ ಹಾಗೇ ಇತ್ತು.

ಹುಡುಗಿ ಓಟದ ಬೂಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡಳು. ತಾಯಿ ಸೊಂಟದ ಹಗ್ಗದ ಗಂಟನ್ನು ತಾವೇ ಎಳೆದು ನೋಡಿದರು, ಬಿಚ್ಚಿದರು, ಇನ್ನೊಮ್ಮೆ ಬಿಗಿಯಾಗಿ ಕಟ್ಟಿದರು. "ಓಡಬ್ಯಾಡ. ಇಲ್ಲಿ ನಡಿ. ಓಡೂದು ಅಲ್ಲಿ," ಎಂದರು. ಅವಳು ನಡೆದಳು. ಅವಸರವಿಲ್ಲದೆ, ಎರಡೂ ಕೈಯಲ್ಲಿ ಕೇಬಲ್ ಹಿಡಿದು. ನಾನು ಅವಳನ್ನು ನೋಡಲಿಲ್ಲ, ಪಟ್ಟಿಯನ್ನೇ ನೋಡುತ್ತಿದ್ದೆ. ಆಚೆ ದಡದಲ್ಲಿ ಕೇಕೆ ಎದ್ದಾಗ ದಾಟಿದಳೆಂದು ತಿಳಿಯಿತು. ತಲೆ ಎತ್ತಿದಾಗ ಅವಳೂ ಗೆಳತಿಯೂ ರಸ್ತೆಯ ಕಡೆ ತಿರುಗಿ ನಡೆಯುತ್ತಿದ್ದರು, ಜೊಯಿಡಾದ ಬಸ್ಸಿಗೆ.

ತಕ್ಷಣ ಹಲಗೆ ಬಿಚ್ಚಿ ಸಂಕವನ್ನು ಮತ್ತೆ ಮುಚ್ಚಿದೆ. ಈ ಸಲ ತಾಯಿಯೇ ಸ್ಪ್ಯಾನರು ತೆಗೆದುಕೊಟ್ಟರು.

ಮೂರನೆಯ ದಿನ ಗೆಳತಿ ಆಚೆ ದಡದಲ್ಲಿ ಕಾಣಿಸಿಕೊಂಡಳು. ಕೂಗಲಿಲ್ಲ. ಎರಡೂ ಕೈ ಮೇಲೆತ್ತಿ, ನೆಗೆದು ನೆಗೆದು ತೋರಿಸಿದಳು. ಅವಳ ಪಕ್ಕದಲ್ಲಿ ಹುಡುಗಿ ನಾಚಿಕೊಂಡು ನಿಂತಿದ್ದಳು. ಓಟದಲ್ಲಿ ಪಾಸು. ತಾಯಿ ಅಂಗಳದ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನ ಬೆನ್ನ ಮೇಲೆ ಒಂದು ಗುದ್ದು ಹಾಕಿದರು, ಗಟ್ಟಿಯಾಗಿಯೇ.

ಇಂಜಿನಿಯರರು ಹೇಳಿದ್ದ ಅವಧಿ ಪೂರ್ತಿ ಮುಗಿದ ಮೇಲೆ, ಇನ್ನೂ ಹೆಚ್ಚಿನ ತೂಕ ಹಾಕಿ ನೋಡಿ, ಕೇಬಲ್ಲನ್ನು ಮತ್ತೆ ಬಿಳಿ ಗೆರೆಯ ಮಟ್ಟಕ್ಕೆ ಬಿಗಿದು, ಸಂಕವನ್ನು ಎಲ್ಲರಿಗೂ ತೆರೆದೆವು. ಈ ಸಲ ಕಾಯಿ ಒಡೆಯಲಿಲ್ಲ, ಯಾರಿಗೂ ಪುರಸೊತ್ತಿರಲಿಲ್ಲ. ನಾಟಿಯ ದಿನಗಳು.

ನಾನು ದಾಂಡೇಲಿಗೆ ಮರಳಿದೆ. ಜುಲೈಯಲ್ಲಿ ಮಳೆ ನಿಲ್ಲದೆ ಸುರಿಯಿತು. ಗ್ಯಾರೇಜಿನ ತಗಡಿನ ಮೇಲೆ ಬೀಳುವ ಸದ್ದು ಕೇಳಿದಾಗಲೆಲ್ಲ ಲಂಗರು ನೆನಪಾಗುತ್ತಿತ್ತು. ವಾಡಾಕ್ಕೆ ಫೋನ್ ಹೋಗುವುದಿಲ್ಲ. ಕೊನೆಗೆ ತಡೆಯಲಾರದೆ ಒಂದು ದಿನ ಬಸ್ಸು ಹಿಡಿದು, ಉಳಿದ ದಾರಿ ಕೊಡೆ ಹಿಡಿದು ನಡೆದು ಹಳ್ಳಕ್ಕೆ ಹೋದೆ. ನೀರು ಎರಡೂ ದಡ ತುಂಬಿ ಹರಿಯುತ್ತಿತ್ತು. ಅದರ ಮೇಲೆ ಸಂಕ ಬಿಳಿ ಗೆರೆಗೆ ಸರಿಯಾಗಿ ನಿಂತಿತ್ತು. ಒಬ್ಬ ಗಂಡಸು ಹೆಗಲ ಮೇಲೆ ಅಕ್ಕಿಮೂಟೆ ಹೊತ್ತು ದಾಟುತ್ತಿದ್ದ. ಅವನ ಹಿಂದೆ ಆ ತಾಯಿ, ಕೈಯಲ್ಲಿ ಸೀಮೆಎಣ್ಣೆಯ ಡಬ್ಬಿ. ನನ್ನನ್ನು ನೋಡಿದ್ದೇ ಸಂಕದ ನಡುವೆಯೇ ನಿಂತು ಬೈಯಲು ಶುರುಮಾಡಿದರು.

"ಬಂದ್ರೇನು? ಛಲೋ ಆತು ಬರ್ರಿ! ಈ ಹಲಗಿ ನೋಡ್ರಿ, ಪಾಚಿ ಹಿಡಿದು ಎಂಥಾ ಜಾರ್ತಾವ. ನಿನ್ನಿ ನಾ ಬಿದ್ದೆ. ಇದನ್ನ ಯಾರು ಮಾಡಿದ್ದು?"

"ನಾವ ಮಾಡಿದ್ದು ಮಾವಶಿ."

"ಹಂಗಾದ್ರ ಸರಿ ಮಾಡ್ರಿ. ಹಿಂಗ ಬಿಟ್ರ ಹೆಂಗ? ದಿನಾ ಹತ್ತು ಸಲ ದಾಟವರು ನಾವು!"

ದಿನಾ ಹತ್ತು ಸಲ. ಅದನ್ನು ಕೇಳಿ ನನಗೆ ಎಷ್ಟು ನಗು ಬಂತೆಂದರೆ ಕೊಡೆ ಗಾಳಿಗೆ ಮಗುಚಿಕೊಂಡದ್ದೂ ತಿಳಿಯಲಿಲ್ಲ. ಚೀಲ ಕೆಳಗಿಟ್ಟು, ಮನೆಯಲ್ಲಿ ಹಳೆಯ ಕತ್ತದ ಹಗ್ಗ ಎಷ್ಟಿದೆ ಎಂದು ಅವರನ್ನು ಕೇಳಿದೆ. ಹಲಗೆಗೆ ಸುತ್ತಿ ಮೊಳೆ ಹೊಡೆದರೆ ಕಾಲು ಹಿಡಿಯುತ್ತದೆ. ಸಂಜೆಯ ಬಸ್ಸಿಗೆ ಮೊದಲು ಅರ್ಧ ಸಂಕವಾದರೂ ಮುಗಿಯುತ್ತಿತ್ತು.